‘ವಾರಂಟಿ ಏನೂ ಹೋಗಂಗಿಲ್ಲ ಬಿಡಣ್ಣ’: ಸೈಲೆನ್ಸರ್ ಅಂಗಡಿಯ ಈ ಮಾತು ಬಿಲ್‌ನಲ್ಲಿ ಯಾಕಿಲ್ಲ?

ಬಳ್ಳಾರಿ: ಸಂಜೆ ಏಳು ದಾಟಿತೆಂದರೆ ಕಂಟೋನ್ಮೆಂಟ್ ರಸ್ತೆಗಳಲ್ಲಿ ಬೈಕ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಕೌಲ್ ಬಜಾರ್ ಕಡೆಯಿಂದ ಬರುವ ಬುಲೆಟ್ ಯಾವ ತಿರುವಿನಲ್ಲಿದೆ ಅಂತ ಗಲ್ಲಾದ ಮೇಲೆ ಕೂತವರು ತಲೆ ಎತ್ತದೇ ಹೇಳಬಲ್ಲರು. ನಡುವೆ ಒಮ್ಮೊಮ್ಮೆ ‘ಫಟ್’ ಅಂತ ಪಟಾಕಿ ಸದ್ದು. ಮಗು ಬೆಚ್ಚಿ ಬೀಳುತ್ತದೆ, ಮುದುಕರು ಬೈಯುತ್ತಾರೆ, ಅಷ್ಟರಲ್ಲಿ ಬೈಕ್ ಮುಂದಿನ ಸರ್ಕಲ್ ದಾಟಿರುತ್ತದೆ.

ಇದರ ಸುದ್ದಿ ಪತ್ರಿಕೆಗಳಲ್ಲಿ ಬರುವುದು ಒಂದೇ ರೀತಿ. ಪೊಲೀಸರು ವಿಶೇಷ ಕಾರ್ಯಾಚರಣೆ ಮಾಡಿದರು, ದೋಷಪೂರಿತ ಸೈಲೆನ್ಸರ್ ಕಿತ್ತರು, ರಸ್ತೆ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದರು. ಶಿವಮೊಗ್ಗ, ಮಣಿಪಾಲ, ಬೆಂಗಳೂರು ಸೇರಿ ರಾಜ್ಯದ ಹಲವು ಕಡೆ ಈ ದೃಶ್ಯ ಕಂಡಾಗಿದೆ. ಫೋಟೊ ಬರುತ್ತದೆ, ಒಂದಷ್ಟು ದಿನ ರಸ್ತೆ ತಣ್ಣಗಿರುತ್ತದೆ, ಆಮೇಲೆ ಮತ್ತೆ ಶುರು.

ಆ ಫೋಟೊದಲ್ಲಿ ಕಾಣದ ಒಂದು ಲೆಕ್ಕ ಇದೆ. ರೋಲರ್ ಕೆಳಗೆ ಹೋದ ಸೈಲೆನ್ಸರ್‌ಗೆ ದುಡ್ಡು ಕೊಟ್ಟವನು ಹುಡುಗ. ದಂಡ ಕಟ್ಟುವವನು ಅವನೇ, ಇಲ್ಲವೇ ಅವರಪ್ಪ. ಬೈಕ್ ಇನ್ನೂ ವಾರಂಟಿಯಲ್ಲಿದ್ದರೆ ಎಂಜಿನ್ ಕೈಕೊಟ್ಟ ದಿನ ಷೋರೂಂನಲ್ಲಿ ಬಿಲ್ ಕಟ್ಟುವವನೂ ಅವನೇ. ಸೈಲೆನ್ಸರ್ ಮಾರಿದವರು, ಬಿಗಿದುಕೊಟ್ಟವರು ಈ ಮೂರೂ ಲೆಕ್ಕದಲ್ಲಿ ಬಹುಪಾಲು ಎಲ್ಲೂ ಇಲ್ಲ.

ಈಗ ಈ ಮಾತು ಎತ್ತಲು ಕಾರಣವಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಸದ್ದಿನ ಮೋಹಕ್ಕೆ ಹೆಸರಾದ ಬೈಕ್‌ಗಳಲ್ಲಿ ಹೆಚ್ಚಿನವು ಇದೇ ವರ್ಗದವು. ಭತ್ತ ಮಾರಿದ ದುಡ್ಡಲ್ಲಿ ಮುಂಗಡ ಕಟ್ಟಿ, ಉಳಿದದ್ದಕ್ಕೆ ಕಂತು ಮಾಡಿಕೊಂಡು ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ತರುವ ಬೈಕ್ ಇಂಥದ್ದೇ. ಅಂದರೆ ಇವತ್ತು ಸದ್ದು ಮಾಡುತ್ತಿರುವ ಬೈಕ್‌ಗಳಲ್ಲಿ ಹಳೇ ಬುಲೆಟ್‌ಗಳ ಜತೆ ವಾರಂಟಿಯೂ ಕಂತೂ ಮುಗಿಯದ ಹೊಸವೂ ಇವೆ.

ಸದ್ದಿನ ಪ್ರೀತಿ ಇವತ್ತಿನದಲ್ಲ

ಸದ್ದು ಇಷ್ಟಪಡುವವರೆಲ್ಲ ಪುಂಡರು ಅನ್ನುವುದು ಸುಲಭದ ಮಾತು, ನಿಜವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರು, ಆರ್‌ಎಕ್ಸ್ 100 ಇಟ್ಟುಕೊಂಡಿದ್ದವರು ಈಗ ಐವತ್ತು, ಅರವತ್ತರ ಆಸುಪಾಸಿನಲ್ಲಿದ್ದಾರೆ. ಗೇಟಿನ ಹತ್ತಿರ ಸದ್ದು ಕೇಳಿದರೆ ‘ಅವರು ಬಂದ್ರು’ ಅಂತ ಮನೆಯೊಳಗಿಂದಲೇ ಗೊತ್ತಾಗುತ್ತಿದ್ದ ಕಾಲ ಅದು. ಇವತ್ತು ಮಗನಿಗೆ ಬೈಯುವ ಅಪ್ಪನಿಗೂ ಒಂದು ಕಾಲಕ್ಕೆ ಈ ಹುಚ್ಚು ಇದ್ದಿರಬಹುದು.

ವ್ಯತ್ಯಾಸ ಇರುವುದು ಯಂತ್ರದಲ್ಲಿ. ಅಂದಿನ ಬೈಕ್‌ನಲ್ಲಿ ಸೈಲೆನ್ಸರ್ ಎಂದರೆ ಒಳಗೆ ತಡೆಗಳಿದ್ದ ಕೊಳವೆ, ಅಷ್ಟೇ. ಕಿತ್ತು ಬೇರೆ ಹಾಕಿದರೂ ಕಾರ್ಬ್ಯುರೇಟರ್‌ನ ಜೆಟ್ ಸ್ವಲ್ಪ ತಿರುಗಿಸಿದರೆ ಬೈಕ್ ಓಡುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವುದು ಬಿಎಸ್–6 ವಾಹನ ಮಾತ್ರ. ಇದರಲ್ಲಿ ಕಾರ್ಬ್ಯುರೇಟರ್ ಜಾಗದಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ. ಎಂಜಿನ್‌ನಿಂದ ಇಳಿಯುವ ಬೆಂಡ್ ಪೈಪ್‌ನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅದು ನೋಡಿ ಇಸಿಯುಗೆ, ಅಂದರೆ ಬೈಕ್‌ನ ಪುಟ್ಟ ಕಂಪ್ಯೂಟರ್‌ಗೆ ತಿಳಿಸುತ್ತದೆ. ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವುದನ್ನು ಇಸಿಯು ಅದರ ಮೇಲೆ ತೀರ್ಮಾನಿಸುತ್ತದೆ. ಜತೆಗೆ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಕೆಲವು ಮಾಡೆಲ್‌ಗಳಲ್ಲಿ ಅದು ಬೆಂಡ್ ಪೈಪ್‌ನಲ್ಲಿರುತ್ತದೆ, ಕೆಲವಲ್ಲಿ ಸೈಲೆನ್ಸರ್ ಡಬ್ಬಿಯೊಳಗೇ ಇರುತ್ತದೆ.

ಈ ಕೊನೆಯ ವ್ಯತ್ಯಾಸ ಬಹಳ ಮುಖ್ಯ. ಹಿಂದಿನ ಡಬ್ಬಿ ಮಾತ್ರ ಬದಲಿಸುವುದಕ್ಕೆ ಸ್ಲಿಪ್–ಆನ್ ಅಂತಾರೆ. ಕ್ಯಾಟ್ ಬೆಂಡ್ ಪೈಪ್‌ನಲ್ಲಿದ್ದರೆ ಸ್ಲಿಪ್–ಆನ್ ಹಾಕಿದರೂ ಅದು ಉಳಿಯುತ್ತದೆ, ಸೆನ್ಸರ್ ಕೂಡ ಮುಟ್ಟಿದಂತಾಗುವುದಿಲ್ಲ. ಡಬ್ಬಿಯೊಳಗೇ ಇದ್ದರೆ ಹೊಸ ಸೈಲೆನ್ಸರ್ ಹಾಕಿದ ಕ್ಷಣಕ್ಕೆ ಬೈಕ್ ಬಿಎಸ್–6 ಆಗಿ ಉಳಿಯುವುದಿಲ್ಲ. ಬೆಂಡ್ ಪೈಪ್ ಸಮೇತ ಪೂರ್ತಿ ಸೆಟ್ ಬದಲಿಸಿದರಂತೂ ಎರಡೂ ಹೋದಂತೆ. ತಮ್ಮ ಬೈಕ್‌ನಲ್ಲಿ ಕ್ಯಾಟ್ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡು ಸೈಲೆನ್ಸರ್ ಆರಿಸುವವರು ಕಡಿಮೆ. ಹೆಸರು ನೋಡಿ ಆರಿಸುವವರೇ ಹೆಚ್ಚು: ಪಂಜಾಬ್, ಇಂದೋರಿ, ಗೋಲ್ಡ್‌ಸ್ಟಾರ್, ಶಾರ್ಟ್ ಬಾಟಲ್.

‘ಹಳೇದನ್ನ ಇಲ್ಲೇ ಬಿಟ್ಟು ಹೋಗ್ರಿ, ಐನೂರು ಕಡಿಮೆ ಮಾಡ್ತೀವಿ’ ಅಂದರೆ ಇನ್ನೂ ಎಚ್ಚರ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪ ಇರುತ್ತದೆ. ಗುಜರಾತ್, ಮಹಾರಾಷ್ಟ್ರದಲ್ಲಿ ನಿಲ್ಲಿಸಿದ್ದ ಈಕೊ ವ್ಯಾನ್‌ಗಳ ಸೈಲೆನ್ಸರ್ ಕಳವು ಸಾಲುಸಾಲಾಗಿ ನಡೆದದ್ದು ಈ ಲೋಹಕ್ಕಾಗಿಯೇ. ಬೈಕ್‌ನಲ್ಲಿ ಇರುವ ಪ್ರಮಾಣ ಸಣ್ಣದು, ಆದರೆ ಗುಜರಿಗೆ ಹೋಗುವ ಬರೀ ತಗಡು ಅಲ್ಲ ಅದು. ಅದಕ್ಕಿಂತ ದೊಡ್ಡ ಮಾತೆಂದರೆ ಮೂಲ ಸೈಲೆನ್ಸರ್ ಕೈಬಿಟ್ಟವನಿಗೆ ವಾಪಸ್ ಬರುವ ದಾರಿ ಇಲ್ಲ. ಹೊಸ ಕಂಪನಿ ಸೈಲೆನ್ಸರ್ ಕೊಳ್ಳಲು ಹೋದಾಗ ಅದರ ಬೆಲೆ ಗೊತ್ತಾಗುತ್ತದೆ.

ಪಟಾಕಿ ಹೊಡೆಸುವ ಆಟದ ಕಥೆಯೂ ಇದೇ. ಓಡುತ್ತಿರುವಾಗ ಕೀಲಿ ಆಫ್ ಮಾಡಿ ಆನ್ ಮಾಡಿದರೆ ಉರಿಯದ ಪೆಟ್ರೋಲ್ ಆವಿ ಬಿಸಿ ಸೈಲೆನ್ಸರ್‌ಗೆ ಬಂದು ಅಲ್ಲಿ ಹೊತ್ತಿಕೊಳ್ಳುತ್ತದೆ. ಕ್ಯಾಟ್ ಉಳಿದಿದ್ದರೆ ಅದರ ಒಳಗಿನ ಜೇನುಗೂಡಿನಂಥ ಭಾಗ ಈ ಬಿಸಿಗೆ ಕರಗಿ ಕಟ್ಟಿಕೊಳ್ಳಬಹುದು. ಆಮೇಲೆ ಎಂಜಿನ್ ಉಸಿರು ಕಟ್ಟಿದಂತೆ ಎಳೆಯುತ್ತದೆ.

ವಾರಂಟಿ ಅಂದರೆ ಯಾರ ಮಾತು?

ವಾರಂಟಿ ಎನ್ನುವುದು ಕಂಪನಿ ಬರೆದುಕೊಟ್ಟ ಮಾತು. ಅದರ ಷರತ್ತು ಇರುವುದು ಬೈಕ್ ಜತೆ ಬರುವ ಓನರ್ಸ್ ಮ್ಯಾನ್ಯುಯಲ್‌ನಲ್ಲಿ, ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರ್ ಬಿಚ್ಚದೇ ಇಟ್ಟ ಆ ಪುಸ್ತಕದಲ್ಲಿ. ಅಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವಾಕ್ಯ ಇರುತ್ತವೆ. ಒಂದು, ಕಂಪನಿಯದಲ್ಲದ ಭಾಗ ಹಾಕಿದರೆ, ಮಾರ್ಪಾಡು ಮಾಡಿದರೆ ವಾರಂಟಿಯೇ ಅನ್ವಯಿಸದು ಎನ್ನುವುದು. ಇನ್ನೊಂದು, ಅಂಥ ಮಾರ್ಪಾಡಿನಿಂದ ಆದ ಹಾನಿಗೆ ಮಾತ್ರ ವಾರಂಟಿ ಇಲ್ಲ ಎನ್ನುವುದು. ಎರಡೂ ಒಂದೇ ಅಲ್ಲ. ಮೊದಲನೆಯದಾದರೆ ಸೈಲೆನ್ಸರ್ ಬದಲಿಸಿದವನಿಗೆ ಮೀಟರ್ ಬೋರ್ಡ್ ಕೆಟ್ಟರೂ ‘ಇಲ್ಲ’ ಅನ್ನಬಹುದು. ಎರಡನೆಯದಾದರೆ ಮೀಟರ್ ಬೋರ್ಡ್ ಕೆಟ್ಟದ್ದಕ್ಕೂ ಸೈಲೆನ್ಸರ್‌ಗೂ ಏನು ಸಂಬಂಧ ಅಂತ ಗ್ರಾಹಕ ಕೇಳಬಹುದು. ತಮ್ಮ ಪುಸ್ತಕದಲ್ಲಿ ಯಾವ ವಾಕ್ಯ ಇದೆ ಎಂದು ಓದುವುದು ಹತ್ತು ನಿಮಿಷದ ಕೆಲಸ.

ಹಲವು ಮ್ಯಾನ್ಯುಯಲ್‌ಗಳಲ್ಲಿ ಎಮಿಷನ್ ವಾರಂಟಿ ಎಂಬ ಬೇರೆಯೇ ಪುಟ ಇರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರ್, ಇಸಿಯು ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಬೈಕ್‌ನಲ್ಲಿ ದುಬಾರಿ ಭಾಗಗಳು ಇವೇ. ಸೈಲೆನ್ಸರ್ ಮುಟ್ಟಿದರೆ ಮೊದಲು ಅಲುಗುವುದೂ ಇದೇ ಪುಟ.

ಯೂಟ್ಯೂಬ್‌ನಲ್ಲಿ ‘ಸೈಲೆನ್ಸರ್ ಬದಲಿಸಿದರೂ ಕಂಪನಿ ವಾರಂಟಿ ರದ್ದು ಮಾಡಂಗಿಲ್ಲ, ಕಾನೂನೇ ಇದೆ’ ಎನ್ನುವ ವಿಡಿಯೊಗಳಿವೆ. ಅವುಗಳಲ್ಲಿ ಹಲವು ಅಮೆರಿಕದವು. ಅಲ್ಲಿ 1975ರ ಮ್ಯಾಗ್ನಸನ್–ಮಾಸ್ ಕಾಯ್ದೆ ಗ್ರಾಹಕನ ಪರ ಇದೆ. ಬೇರೆ ಕಂಪನಿಯ ಭಾಗ ಹಾಕಿದ ಒಂದೇ ಕಾರಣಕ್ಕೆ ಅಲ್ಲಿ ವಾರಂಟಿ ನಿರಾಕರಿಸುವಂತಿಲ್ಲ. ಬಳ್ಳಾರಿಯ ಸರ್ವಿಸ್ ಕೌಂಟರ್‌ನಲ್ಲಿ ಆ ಕಾಯ್ದೆಯ ಹೆಸರು ಹೇಳಿದರೆ ಉಪಯೋಗವಿಲ್ಲ.

ನಮ್ಮಲ್ಲಿ ಅದಕ್ಕೆ ಹತ್ತಿರ ಬರುವುದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ. ಹೊರಗಿನ ಗ್ಯಾರೇಜ್‌ನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕುವಂತಿಲ್ಲ, ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಆಯೋಗ ಹೇಳಿತು. ತತ್ವ ಒಳ್ಳೆಯದೇ. ಆದರೆ ಅದು ಕಾರು ಕಂಪನಿಗಳ ಪ್ರಕರಣ, ಮೇಲ್ಮನವಿಗೂ ಹೋಗಿದೆ. ಇನ್ನೂ ಮುಖ್ಯವಾಗಿ, ಅದು ರಿಪೇರಿಯ ಮಾತು. ಕೆಟ್ಟದ್ದನ್ನು ಸರಿಮಾಡಿಸುವುದು ಬೇರೆ, ಸರಿ ಇದ್ದದ್ದನ್ನು ಕಿತ್ತು ಬೇರೆ ಹಾಕುವುದು ಬೇರೆ. ಕಾನೂನಿಗೇ ಒಪ್ಪಿಗೆಯಾಗದ ಭಾಗ ಹಾಕಿಸಿಕೊಂಡು ಗ್ರಾಹಕನ ಹಕ್ಕು ಕೇಳಲು ಹೋದರೆ ಬಲ ಅರ್ಧಕ್ಕೆ ಅರ್ಧ ಕಡಿಮೆ.

ಹಾಗಾದರೆ ‘ಸರ್ವಿಸ್‌ಗೆ ಬಿಡೋ ದಿನ ಹಳೇದು ಹಾಕ್ಕೊಂಡು ಹೋದ್ರಾಯ್ತು’ ಅನ್ನುವ ಉಪಾಯ? ಸಿರುಗುಪ್ಪದ ಹುಡುಗ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಳ್ಳಾರಿಗೆ ಬರುವ ಮುನ್ನ ಊರ ಗ್ಯಾರೇಜ್‌ನಲ್ಲಿ ಇದನ್ನು ಮಾಡಿಸಿಕೊಂಡೇ ಬರುತ್ತಾನೆ. ನಡೆಯುವವರೆಗೆ ನಡೆಯುತ್ತದೆ. ಆದರೆ ಹಳೇ ಗ್ಯಾಸ್ಕೆಟ್ ಮತ್ತೆ ಕೂರಿಸಿದರೆ ಜಾಯಿಂಟ್ ಸೋರುತ್ತದೆ. ಸೋರಿಕೆ ಸೆನ್ಸರ್ ಹತ್ತಿರ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಇಸಿಯು ಪೆಟ್ರೋಲ್ ಹೆಚ್ಚು ಬಿಡುತ್ತದೆ, ಮೈಲೇಜ್ ಇಳಿಯುತ್ತದೆ, ಮೀಟರ್‌ನಲ್ಲಿ ಹಳದಿ ಎಂಜಿನ್ ದೀಪ ಹತ್ತುತ್ತದೆ. ಇಂಥ ದೋಷಗಳ ಕೋಡ್ ಇಸಿಯುನಲ್ಲಿ ದಾಖಲಾಗಿರುತ್ತದೆ. ಸರ್ವಿಸ್ ಸೆಂಟರ್‌ನವರು ಕೇಬಲ್ ಹಚ್ಚಿ ಓದುವುದು ಅದನ್ನೇ. ಬೋಲ್ಟ್ ತಲೆ ಸವೆದದ್ದು, ಬೆಂಡ್ ಪೈಪ್ ಮೇಲೆ ಎರಡು ಜಾಗದಲ್ಲಿ ಕ್ಲಾಂಪ್ ಗುರುತು ಬಿದ್ದದ್ದು ಅನುಭವಿ ಮೆಕ್ಯಾನಿಕ್‌ಗೆ ಕೇಬಲ್ ಇಲ್ಲದೆಯೂ ಕಾಣುತ್ತದೆ.

ಪೊಲೀಸರ ಕೈಯಲ್ಲಿರುವ ಕಲಂಗಳು

ವಾರಂಟಿ ಉಳಿದರೂ ಪೊಲೀಸ್ ಕೇಸ್ ಆಗಬಹುದು, ವಾರಂಟಿ ಮುಗಿದಿದ್ದರೂ ಆಗಬಹುದು. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ.

1988ರ ಮೋಟಾರು ವಾಹನ ಕಾಯ್ದೆಯ ಕಲಂ 52 ವಾಹನವನ್ನು ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ(4) ಪ್ರಕಾರ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದರೆ ಕಲಂ 190(2) ಬೇರೆ ಇದೆ: ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಹೊಗೆಯನ್ನು ಸೈಲೆನ್ಸರ್ ಮೂಲಕ ಬಿಡದೆ ಬೇರೆ ದಾರಿಯಿಂದ ಬಿಡುವ ‘ಕಟ್–ಔಟ್’ ಇಟ್ಟುಕೊಂಡರೆ ಕಲಂ 194ಎಫ್ ಅಡಿ 1,000 ರೂಪಾಯಿ, ಮತ್ತೆ ಸಿಕ್ಕರೆ 2,000. ರಸ್ತೆಯಲ್ಲೇ ರಸೀದಿ ಹರಿದು ಮುಗಿಸುವ ರಾಜಿ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ.

‘ಸೈಲೆನ್ಸರ್ ವಿವರ ಆರ್‌ಸಿಯಲ್ಲೇ ಇಲ್ಲ, ಅದು ಹೆಂಗೆ ತಪ್ಪು?’ ಎಂಬ ವಾದ ಹುಡುಗರದ್ದು. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ಸಿಸಿ ಇರುತ್ತವೆ, ಸೈಲೆನ್ಸರ್ ಇರುವುದಿಲ್ಲ ಎನ್ನುವುದು ಖರೆ. ಕಲಂ 52ರ ಮಟ್ಟಿಗೆ ಕೋರ್ಟ್‌ನಲ್ಲಿ ಈ ವಾದ ಎತ್ತಬಹುದು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರ್ ಬಗ್ಗೆಯೇ ಇದೆ. ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು, ಸದ್ದು ನಿಗದಿತ ಮಿತಿಯೊಳಗೆ ಇರಲೇಬೇಕು. ಅದಕ್ಕೂ ಆರ್‌ಸಿಗೂ ಸಂಬಂಧವಿಲ್ಲ.

ಆ ಮಿತಿ ಎಷ್ಟು? ಕಾರ್ಖಾನೆಯಿಂದ ಹೊರಬರುವ ದ್ವಿಚಕ್ರ ವಾಹನಕ್ಕೆ 80 ಸಿಸಿವರೆಗೆ 75 ಡೆಸಿಬೆಲ್, 175 ಸಿಸಿವರೆಗೆ 77, ಅದಕ್ಕೂ ದೊಡ್ಡದಕ್ಕೆ 80. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟಾಗುತ್ತದೆ, ಹತ್ತು ಏರಿದರೆ ಹತ್ತು ಪಟ್ಟು. ‘80 ಇದ್ದದ್ದು 90 ಆದ್ರೆ ಏನಾಯ್ತು’ ಅನ್ನುವವರು ಈ ಲೆಕ್ಕ ನೋಡಬೇಕು.

ಇಲ್ಲಿ ಪೊಲೀಸರ ಕಡೆಯ ಒಂದು ಕೊರತೆಯನ್ನೂ ಹೇಳಬೇಕು. ಈ ಮಿತಿಯನ್ನು ಅಳೆಯುವುದು ಖಾಲಿ ಟ್ರ್ಯಾಕ್‌ನಲ್ಲಿ, ಬೈಕ್ ವೇಗ ಏರಿಸುತ್ತಾ ಹಾದುಹೋಗುವಾಗ 7.5 ಮೀಟರ್ ದೂರದ ಮೈಕ್‌ನಿಂದ. ಲಾರಿ, ಆಟೊ, ಬಸ್ ಹಾರನ್ ನಡುವೆ ಸರ್ಕಲ್‌ನಲ್ಲಿ ನಿಂತು ಮೊಬೈಲ್ ಆ್ಯಪ್ ಹಿಡಿದರೆ ಅದು ಪರೀಕ್ಷೆ ಆಗುವುದಿಲ್ಲ. ಹಾಗಾಗಿ ರಸ್ತೆಯಲ್ಲಿ ನಡೆಯುವುದು ಬಹುಮಟ್ಟಿಗೆ ಕಣ್ಣು, ಕಿವಿಯ ತೀರ್ಮಾನ. ಕಂಪನಿ ಗುರುತು ಇದೆಯಾ, ಪಾರ್ಟ್ ನಂಬರ್ ಇದೆಯಾ, ನೋಡಿದರೆ ಲೋಕಲ್ ಅನ್ನಿಸುತ್ತಾ? ಕಂಪನಿಯದೇ ಬೇರೆ ವಿನ್ಯಾಸದ ಸೈಲೆನ್ಸರ್ ಹಾಕಿದವನೂ ಕೈಯಲ್ಲಿ ಬಿಲ್ ಇಲ್ಲದಿದ್ದರೆ ಇಲ್ಲಿ ಸಿಕ್ಕಿಬೀಳಬಹುದು.

‘ಪಿಯುಸಿ ಪಾಸ್ ಆಗೈತಲ್ಲ’ ಅನ್ನುವ ಸಮಾಧಾನಕ್ಕೂ ಬುಡವಿಲ್ಲ. ಪೆಟ್ರೋಲ್ ಬೈಕ್‌ನ ಪಿಯುಸಿ ತಪಾಸಣೆಯಲ್ಲಿ ನೋಡುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಮಾತ್ರ. ಸದ್ದನ್ನು ಅಲ್ಲಿ ಯಾರೂ ಅಳೆಯುವುದಿಲ್ಲ.

ವಿಮೆಯದ್ದು ಇನ್ನೊಂದು ಬಾಗಿಲು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದೇ ಇದ್ದರೆ ಸ್ವಂತ ಬೈಕ್‌ನ ಹಾನಿ ಪರಿಹಾರ ಕೇಳುವಾಗ ಸರ್ವೇಯರ್ ಅದನ್ನೇ ಮೊದಲು ಬರೆದುಕೊಳ್ಳುತ್ತಾನೆ.

ದಪ್ಪ ಸದ್ದು ಬೇರೆ, ಜೋರು ಸದ್ದು ಬೇರೆ

ವಾರಂಟಿ ಉಳಿಸಿಕೊಂಡು ಸದ್ದು ಚೆಂದ ಮಾಡಿಕೊಳ್ಳುವ ದಾರಿಯೇ ಇಲ್ಲವಾ? ಇದೆ, ಆದರೆ ಸಣ್ಣದು. ಬೈಕ್ ತಯಾರಿಸಿದ ಕಂಪನಿಯೇ ತನ್ನ ಆಕ್ಸೆಸರಿ ಪಟ್ಟಿಯಲ್ಲಿ, ಅದೇ ಮಾಡೆಲ್‌ಗೆ, ಅದೇ ವರ್ಷಕ್ಕೆ ಕೊಟ್ಟ ಸೈಲೆನ್ಸರ್ ಹಾಕಿಸುವುದು. ರಾಯಲ್ ಎನ್‌ಫೀಲ್ಡ್ 2019ರಲ್ಲಿ ಕ್ಲಾಸಿಕ್ 350ಕ್ಕೆ ಕಾನೂನಿನ ಮಿತಿಯೊಳಗಿನ ಹಲವು ವಿನ್ಯಾಸದ ಸೈಲೆನ್ಸರ್‌ಗಳನ್ನು ಹೀಗೆ ಮಾರುಕಟ್ಟೆಗೆ ಬಿಟ್ಟಿತ್ತು. ಆದರೆ ಅದು ಬಿಎಸ್–4 ಕಾಲದ ಮಾತು. ಅಂದಿನ ಸೈಲೆನ್ಸರ್ ಎಲ್ಲೋ ಹಳೇ ಸ್ಟಾಕ್‌ನಲ್ಲಿ ಸಿಕ್ಕಿತು ಅಂತ ಇವತ್ತಿನ ಬೈಕ್‌ಗೆ ಹಾಕಿಸಿದರೆ ಹೆಸರು ಕಂಪನಿಯದ್ದಾದರೂ ಕೆಲಸ ಲೋಕಲ್‌ನದ್ದೇ. ಎಲ್ಲ ಕಂಪನಿಗಳಲ್ಲಿ, ಎಲ್ಲ ಮಾಡೆಲ್‌ಗೆ ಇಂಥ ಆಯ್ಕೆ ಸಿಗುವುದೂ ಇಲ್ಲ. ಸಿಗದಿದ್ದರೆ ಆ ಬೈಕ್‌ಗೆ ವಾರಂಟಿ ಮುಗಿಯುವವರೆಗೆ ದಾರಿ ಇಲ್ಲ ಎಂದೇ ಅರ್ಥ.

ಕಂಪನಿಯ ಆಕ್ಸೆಸರಿ ಹಾಕಿಸಿದವರು ‘ಸದ್ದು ಏನೂ ಬರ್ಲಿಲ್ಲ’ ಅಂತ ಬೇಸರ ಮಾಡಿಕೊಳ್ಳುವುದುಂಟು. ಅದು ಸಹಜ, ಅದೂ ಅದೇ ಮಿತಿಯೊಳಗೇ ಇರಬೇಕಲ್ಲ. ಬದಲಾಗುವುದು ಸದ್ದಿನ ಗಾತ್ರಕ್ಕಿಂತ ಸದ್ದಿನ ಗುಣ. ಡೆಸಿಬೆಲ್ ಅಳೆಯುವ ‘ಎ’ ಮಾಪನದಲ್ಲಿ ತಗ್ಗಿನ, ದಪ್ಪ ದನಿಗೆ ತೂಕ ಕಡಿಮೆ, ಕಿವಿಗೆ ಚುಚ್ಚುವ ದನಿಗೆ ತೂಕ ಹೆಚ್ಚು. ಆದ್ದರಿಂದ ಮಿತಿಯೊಳಗೇ ಎದೆಗೆ ತಟ್ಟುವ ದಪ್ಪ ಸದ್ದು ಕೊಡುವುದು ಎಂಜಿನಿಯರ್‌ಗಳಿಗೆ ಸಾಧ್ಯ. ಊರಲ್ಲಿ ಮಾರುವ ಡಬ್ಬಿಗಳಲ್ಲಿ ಹಲವು ಇದಕ್ಕೆ ತದ್ವಿರುದ್ಧ: ಒಳಗೆ ತೂತು ಕೊಳವೆ, ಸುತ್ತ ಒಂದಿಷ್ಟು ಗಾಜಿನ ಉಣ್ಣೆ. ಅದು ಸುಟ್ಟು ಹಾರಿಹೋದ ಮೇಲೆ ಬರೀ ತಗಡಿನ ಕಿರುಚಾಟ.

ಇನ್ನೊಂದು ದಾರಿಗೆ ಖರ್ಚು ಬಹಳ ಇಲ್ಲ, ಗ್ಲಾಮರೂ ಇಲ್ಲ. ಗ್ಯಾಸ್ಕೆಟ್ ಸೋರುತ್ತಿದ್ದರೆ, ಮೌಂಟಿಂಗ್ ರಬ್ಬರ್ ಸವೆದಿದ್ದರೆ, ಹೀಟ್ ಶೀಲ್ಡ್ ಸ್ಕ್ರೂ ಸಡಿಲಾಗಿದ್ದರೆ ಒಳ್ಳೆ ಬೈಕ್‌ನ ಸದ್ದೂ ತಗಡು ಬಡಿದಂತೆ ಕೇಳುತ್ತದೆ. ನಮ್ಮ ಧೂಳಿನ ರಸ್ತೆಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಇವಿಷ್ಟನ್ನು ಸರಿಮಾಡಿಸಿದರೆ ಬೈಕ್ ಕೊಂಡ ದಿನದ ದನಿ ವಾಪಸ್ ಬರುತ್ತದೆ. ಸದ್ದು ‘ಕೆಟ್ಟಿತು’ ಅಂತ ಸೈಲೆನ್ಸರ್ ಬದಲಿಸಲು ಹೊರಟವರು ಮೊದಲು ಇದನ್ನು ನೋಡಬೇಕು.

ಷೋರೂಂ ವಿಷಯದಲ್ಲಿ ಒಂದು ಎಚ್ಚರಿಕೆ. ಷೋರೂಂನಲ್ಲಿ ಹಾಕಿದ್ದೆಲ್ಲ ಕಂಪನಿಯದ್ದಲ್ಲ. ಡೆಲಿವರಿ ಸಮಯದಲ್ಲಿ ಲೆಗ್ ಗಾರ್ಡ್, ಸೀಟ್ ಕವರ್ ಜತೆ ಹೊರಗಿನ ಮಾಲು ಸೇರಿಕೊಳ್ಳುವುದು ಗೊತ್ತಿರುವ ಸಂಗತಿ. ಸೈಲೆನ್ಸರ್ ಆದರೆ ಕೇಳಬೇಕಾದ್ದು ಇಷ್ಟೇ: ಇದಕ್ಕೆ ಕಂಪನಿಯ ಪಾರ್ಟ್ ನಂಬರ್ ಇದೆಯಾ, ಅದು ಬಿಲ್‌ನಲ್ಲಿ ಬರುತ್ತಾ, ವಾರಂಟಿಗೆ ತೊಂದರೆ ಇಲ್ಲ ಎಂದು ಜಾಬ್ ಕಾರ್ಡ್ ಮೇಲೆ ಬರೆದು ಸೀಲ್ ಹಾಕುತ್ತೀರಾ? ಮೂರಕ್ಕೂ ಹೌದು ಅಂದರೆ ಹಾಕಿಸಬಹುದು.

ಅಂಗಡಿಯವರಿಗೂ ತಟ್ಟುವ ಮಾತು

ಕಾಯ್ದೆಯಲ್ಲಿ ಮಾರುವವರ ಮೇಲೂ ಕಲಂ ಇದೆ. 182ಎ(1) ಪ್ರಕಾರ ವಾಹನ ತಯಾರಕ, ಆಮದುದಾರ ಅಥವಾ ಡೀಲರ್ ನಿಯಮ ಮೀರಿ ವಾಹನವನ್ನು ಬದಲಿಸಿ ಕೊಟ್ಟರೆ ಪ್ರತಿ ವಾಹನಕ್ಕೆ 1 ಲಕ್ಷ ರೂಪಾಯಿ ದಂಡ, ಅಥವಾ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಕೇಳಲು ದೊಡ್ಡದು. ಆದರೆ ಈ ಮಾತುಗಳು ವಾಹನ ಮಾರುವವರಿಗೆ ಹೊಂದುತ್ತವೆ. ಬರೀ ಸೈಲೆನ್ಸರ್ ಮಾರುವ ಬಿಡಿಭಾಗದ ಅಂಗಡಿ, ಬಿಗಿಯುವ ಗ್ಯಾರೇಜ್ ಈ ಕಲಂನೊಳಗೆ ಸುಲಭಕ್ಕೆ ಬರುವುದಿಲ್ಲ. ರೋಡ್ ರೋಲರ್ ಹುಡುಗರ ಸೈಲೆನ್ಸರ್ ಮೇಲೆ ಹತ್ತಿ ಅಂಗಡಿಯ ರ‍್ಯಾಕ್‌ವರೆಗೆ ಬಾರದೇ ಇರುವುದಕ್ಕೆ ಇದೂ ಒಂದು ಕಾರಣ. ಬೇರು ಬಿಟ್ಟು ಎಲೆ ಕೀಳುವ ಕೆಲಸ ಇದು, ಎಷ್ಟು ಸಲ ಕಿತ್ತರೂ ಚಿಗುರುತ್ತದೆ.

ಆದರೆ ಅಂಗಡಿಯವರು ಪೂರ್ತಿ ನಿಶ್ಚಿಂತರಾಗಿ ಇರುವಂತೆಯೂ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸರಕಿನ ಬಗ್ಗೆ ಸುಳ್ಳು ಭರವಸೆ ಕೊಟ್ಟು ಮಾರುವುದು ಅನುಚಿತ ವ್ಯಾಪಾರ ಪದ್ಧತಿ. ಮಾರಿದ ಸರಕಿಗೆ ಬಿಲ್ ಕೊಡದಿರುವುದನ್ನೂ ಅದೇ ಪಟ್ಟಿಗೆ ಸೇರಿಸಲಾಗಿದೆ. ‘ವಾರಂಟಿ ಏನೂ ಹೋಗಂಗಿಲ್ಲ ಬಿಡಣ್ಣ’ ಎಂದು ಬಾಯಲ್ಲಿ ಹೇಳಿ, ಕೈಬರಹದ ಚೀಟಿಯೂ ಕೊಡದೆ ಕಳಿಸಿದರೆ ಎರಡೂ ತಪ್ಪು ಒಟ್ಟಿಗೆ ಆದಂತೆ. ಹಣ ಫೋನ್‌ಪೇನಲ್ಲಿ ಬಂದಿದ್ದರೆ ಬಿಲ್ ಇಲ್ಲದಿದ್ದರೂ ವ್ಯವಹಾರದ ಗುರುತು ಉಳಿದಿರುತ್ತದೆ. ನೆಟ್ಟಗೆ ವ್ಯಾಪಾರ ಮಾಡುವ ಅಂಗಡಿಯವರು ‘ಇದು ವಾರಂಟಿ ಇರುವ ಬೈಕ್‌ಗಲ್ಲ, ರಸ್ತೆಗೂ ಅಲ್ಲ’ ಎಂದು ಹೇಳಿ ಒಂದು ಗಿರಾಕಿ ಕಳಕೊಳ್ಳುವುದು ಆಯೋಗದ ನೋಟಿಸ್‌ಗೆ ವಕೀಲರನ್ನು ಹಿಡಿಯುವುದಕ್ಕಿಂತ ಅಗ್ಗ.

ಇದೆಲ್ಲದರ ನಡುವೆ ವಿಮ್ಸ್ ಇದೆ. ಈಗ ಅದರ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ, ಜನರ ಬಾಯಲ್ಲಿ ವಿಮ್ಸೇ. ಜಿಲ್ಲೆಯವರಷ್ಟೇ ಅಲ್ಲ, ಕೊಪ್ಪಳ, ರಾಯಚೂರು, ಗಡಿ ಆಚೆಯ ಆಂಧ್ರದವರೂ ಬಂದು ಮಲಗುವ ಆಸ್ಪತ್ರೆ ಕಂಟೋನ್ಮೆಂಟ್‌ನಲ್ಲೇ ಇದೆ. 2000ರ ಶಬ್ದಮಾಲಿನ್ಯ ನಿಯಮಗಳಲ್ಲಿ ಮೌನ ವಲಯದ ಮಿತಿ ಹಗಲು 50 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 40. ಆಸ್ಪತ್ರೆ ಸುತ್ತ 100 ಮೀಟರ್‌ವರೆಗೆ ಇಂಥ ವಲಯ ಮಾಡಬಹುದು. ಆದರೆ 2017ರ ತಿದ್ದುಪಡಿಯ ನಂತರ ಆಸ್ಪತ್ರೆ ಇದೆ ಎಂಬ ಕಾರಣಕ್ಕೇ ಮೌನ ವಲಯ ತಾನಾಗಿ ಆಗುವುದಿಲ್ಲ, ಸರ್ಕಾರ ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸಬೇಕು. ಆಸ್ಪತ್ರೆ ರಸ್ತೆಯ ನಿವಾಸಿಗಳು, ಔಷಧ ಅಂಗಡಿಯವರು ಸೇರಿ ಜಿಲ್ಲಾಡಳಿತಕ್ಕೆ ಕೊಡುವ ಮನವಿಯಲ್ಲಿ ‘ಹುಡುಗರ ಹಾವಳಿ ತಪ್ಪಿಸಿ’ ಎಂದು ಬರೆಯುವ ಬದಲು ಅಧಿಸೂಚನೆಯ ಪ್ರತಿ ಕೇಳುವುದು, ಅದರ ಪ್ರಕಾರ ಬೋರ್ಡ್ ಹಾಕಿ ಎನ್ನುವುದು ಹೆಚ್ಚು ಕೆಲಸಕ್ಕೆ ಬಂದೀತು. ಈ ನಿಯಮಗಳಡಿ ದೂರು ತೆಗೆದುಕೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗೂ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿಗೂ ಇರುತ್ತದೆ.

ಈಗಾಗಲೇ ಹಾಕಿಸಿದವರು ಮೂಲ ಸೈಲೆನ್ಸರ್ ಮನೆಯಲ್ಲಿದ್ದರೆ ಹೊಸ ಗ್ಯಾಸ್ಕೆಟ್ ತಂದು, ಸಾಧ್ಯವಾದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ವಾಪಸ್ ಕೂರಿಸಿಕೊಳ್ಳುವುದು ಒಳ್ಳೆಯದು. ಹಳದಿ ದೀಪ ಹತ್ತಿದ್ದರೆ ಕೋಡ್ ಓದಿಸಿ ಅದರ ಪ್ರಿಂಟ್ ಇಟ್ಟುಕೊಳ್ಳಬೇಕು. ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು, ಯಾವ ಷರತ್ತಿನಡಿ, ಯಾವ ಭಾಗದಿಂದ ಯಾವ ಹಾನಿ ಎಂದು. ಆ ಕಾಗದ ಸರಿ ಅನ್ನಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಳ್ಳಾರಿಯಲ್ಲೇ ಇರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಬಿಲ್ ಮಾತ್ರ ಬೇಕು.